ಸಾಲಿ ಬಿಟ್ಟ ಮಗು ಮರಳಿ ಬಂದು ನಿಲ್ಲಬೇಕಾದರೆ: ಗ್ರಾಮ ಪಂಚಾಯತಿಯವರಿಗೆ ಹಂತ ಹಂತದ ಮಾರ್ಗದರ್ಶಿ

ಜೂನ್ ಬಂದರೆ ಪಂಚಾಯತಿಯವರು, ಮಾಸ್ತರುಗಳು ಸೇರಿ ಓಣಿ ಓಣಿ ತಿರುಗುತ್ತಾರೆ. ಹತ್ತು ಮಕ್ಕಳನ್ನು ಕರೆತಂದು, ಹೂವು ಕೊಟ್ಟು, ಫೋಟೊ ತೆಗೆಸುತ್ತಾರೆ. ನಾಗರ ಪಂಚಮಿ ಹೊತ್ತಿಗೆ ಆ ಹತ್ತರಲ್ಲಿ ಇಬ್ಬರು ಉಳಿದಿರುತ್ತಾರೆ. ಮುಂದಿನ ಜೂನ್‌ನಲ್ಲಿ ಮತ್ತೆ ಅದೇ ಓಣಿ, ಅದೇ ಮಕ್ಕಳು.

ವಡಗೇರಾ, ಶಹಾಪುರ, ಸುರಪುರ ಕಡೆಯ ಪಂಚಾಯತಿ ಸದಸ್ಯರು, ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು) ನನಗೆ ಕೇಳುವುದು ಒಂದೇ ಪ್ರಶ್ನೆ: "ಕರಕೊಂಡು ಬರ್ತೀವ್ರಿ, ಆದ್ರ ನಿಲ್ಲಂಗಿಲ್ಲ. ಏನ್ ಮಾಡೋದು?" ನಾನು ಯಾದಗಿರಿ ಜಿಲ್ಲೆಯ ಒಂದು ಗ್ರಾಮ ಪಂಚಾಯತಿಯಲ್ಲಿ ಐದು ವರ್ಷ ಸದಸ್ಯಳಾಗಿದ್ದೆ. ಮೊದಲ ಎರಡು ವರ್ಷ ನಮ್ಮಲ್ಲೂ ಹೀಗೇ ಆಯಿತು. ಓಡಾಟಕ್ಕೆ ಏನೂ ಕಡಿಮೆ ಇರಲಿಲ್ಲ. ಕೆಲಸದ ಕ್ರಮ ಮಾತ್ರ ತಲೆಕೆಳಗಾಗಿತ್ತು. ಕಾರಣ ಗೊತ್ತು ಮಾಡಿಕೊಳ್ಳುವ ಮೊದಲೇ ಮಗುವನ್ನು ಕರೆತರುತ್ತಿದ್ದೆವು. ಕರೆತಂದ ದಿನಕ್ಕೇ ಕೆಲಸ ಮುಗಿಯಿತು ಅಂದುಕೊಳ್ಳುತ್ತಿದ್ದೆವು.

ಕೆಳಗಿರುವುದು ನಾವು ತಿದ್ದಿಕೊಂಡ ಕ್ರಮ. ಹಂತ ಬಿಟ್ಟು ಹಂತ ಹಾರಬೇಡಿ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ಉದ್ದನೆಯ ಗಟ್ಟಿ ರಟ್ಟಿನ ಪುಸ್ತಕ. ಬಿಡಿ ಹಾಳೆ ಬೇಡ, ಅದು ಎರಡೇ ವಾರದಲ್ಲಿ ಕಳೆದುಹೋಗುತ್ತದೆ. ಶಾಲೆಯ ಹಾಜರಿ ಪುಸ್ತಕ ನೋಡಲು ಮುಖ್ಯಗುರುಗಳ ಒಪ್ಪಿಗೆ. ಸ್ಯಾಟ್ಸ್‌ನಿಂದ (ಶಿಕ್ಷಣ ಇಲಾಖೆ ಪ್ರತಿ ಮಗುವಿನ ದಾಖಲೆ ಇಡುವ ಆನ್‌ಲೈನ್ ವ್ಯವಸ್ಥೆ) ತೆಗೆದ ತರಗತಿವಾರು ಮಕ್ಕಳ ಪಟ್ಟಿ. ಅಂಗನವಾಡಿ ಕಾರ್ಯಕರ್ತೆಯ ಮನೆ ಸಮೀಕ್ಷೆ ಪುಸ್ತಕ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಸಿಆರ್‌ಪಿ (ಶಾಲೆಗಳ ಗುಂಪಿನ ಸಂಪನ್ಮೂಲ ವ್ಯಕ್ತಿ), ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಇವರ ಫೋನ್ ನಂಬರ್, ಜೊತೆಗೆ ಮಕ್ಕಳ ಸಹಾಯವಾಣಿ 1098. ಇಷ್ಟು ಸಾಕು. ದುಡ್ಡು ಬೇಕಾಗುವುದು ಮುಂದೆ, ಅದೂ ಜಾಸ್ತಿ ಅಲ್ಲ.

ಪುಸ್ತಕದ ಒಂದು ಪುಟಕ್ಕೆ ಒಂದೇ ಮಗು. ಮಗುವಿನ ಹೆಸರು, ತಾಯಿಯ ಹೆಸರು, ಓಣಿ ಅಥವಾ ತಾಂಡಾ, ತರಗತಿ, ಸ್ಯಾಟ್ಸ್ ನಂಬರ್, ಕೊನೆಯ ಸಲ ಶಾಲೆಗೆ ಬಂದ ದಿನ. ಅದರ ಕೆಳಗೆ ಮನೆಯವರು ಹೇಳಿದ ಕಾರಣ ಬರೆಯಲು ಅರ್ಧ ಪುಟ ಖಾಲಿ ಬಿಡಿ. ಅದರ ಕೆಳಗೆ ಯಾರು, ಏನು, ಯಾವ ತಾರೀಖಿನೊಳಗೆ ಮಾಡಬೇಕು ಅನ್ನುವುದು. ಎಲ್ಲಕ್ಕಿಂತ ಕೆಳಗೆ ಆರು ಸಣ್ಣ ಚೌಕ ಎಳೆಯಿರಿ. ಮಗು ಮರಳಿದ ಮೇಲೆ ವಾರಕ್ಕೊಂದು ಚೌಕ ತುಂಬಬೇಕು. ಈ ಆರು ಚೌಕ ತುಂಬುವುದೇ ನಮ್ಮ ಕೆಲಸ ಎಂದು ಇಟ್ಟುಕೊಳ್ಳಿ.

## ಹಂತ 1: ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ

"ಇದು ಶಿಕ್ಷಣ ಇಲಾಖೆ ಕೆಲಸ, ನಮಗ್ಯಾಕೆ?" ಅನ್ನುವ ಮಾತು ಮೊದಲ ಸಭೆಯಲ್ಲೇ ಬರುತ್ತದೆ. ಉತ್ತರ ಕಾಯ್ದೆಯಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಕಲಂ ಸ್ಥಳೀಯ ಪ್ರಾಧಿಕಾರಗಳ ಕೆಲಸ ಏನು ಎಂದು ಹೇಳುತ್ತದೆ. ತಮ್ಮ ವ್ಯಾಪ್ತಿಯ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು, ಪ್ರವೇಶ ಮತ್ತು ಹಾಜರಿ ಮೇಲೆ ಕಣ್ಣಿಡುವುದು, ಗುಳೆ ಬಂದ ಕುಟುಂಬದ ಮಕ್ಕಳಿಗೆ ಶಾಲೆ ಸಿಗುವಂತೆ ನೋಡುವುದು. ಈ ಮೂರನ್ನು ಠರಾವಿನಲ್ಲಿ ಬರೆಸಿ.

ಠರಾವು ಯಾಕೆ ಬೇಕು ಅಂದರೆ, ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ವರ್ಗವಾಗಿ ಹೋಗುತ್ತಾರೆ. ಮುಖ್ಯಗುರು ಬದಲಾಗುತ್ತಾರೆ. ಬಾಯಿಮಾತಿನ ಒಪ್ಪಂದ ಅವರ ಜೊತೆಗೇ ಹೋಗುತ್ತದೆ.

ಅದೇ ಠರಾವಿನಲ್ಲಿ ಐದು ಜನರ ಹೆಸರು ಹಾಕಿ: ಒಬ್ಬ ಸದಸ್ಯರು, ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕರು, ಮುಖ್ಯಗುರು ಅಥವಾ ಒಬ್ಬ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆ, ಸಂಜೀವಿನಿ ಒಕ್ಕೂಟದ (ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟ) ಒಬ್ಬ ಹೆಣ್ಣುಮಗಳು. ಐದಕ್ಕಿಂತ ಜಾಸ್ತಿ ಬೇಡ. ಹದಿನೈದು ಜನರ ಸಮಿತಿ ಮಾಡಿದ ಪಂಚಾಯತಿ ನೋಡಿದ್ದೇನೆ. ಒಂದು ಸಲವೂ ಕೋರಂ ಆಗಲಿಲ್ಲ.

ಒಂದು ಎಚ್ಚರಿಕೆ: ಈ ತಂಡಕ್ಕೆ ಶಿಕ್ಷಕರನ್ನು ವಿಚಾರಣೆ ಮಾಡುವ ಅಧಿಕಾರ ಇಲ್ಲ. ಅದನ್ನು ಮೊದಲ ದಿನವೇ ಮುಖ್ಯಗುರುಗಳಿಗೆ ಹೇಳಿಬಿಡಿ. ಅವರಿಗೆ ಸಂಶಯ ಬಂದರೆ ಹಾಜರಿ ಪುಸ್ತಕ ನಿಮ್ಮ ಕೈಗೆ ಬರುವುದಿಲ್ಲ.

## ಹಂತ 2: ಮೂರು ಪಟ್ಟಿ ಎದುರು ಬದುರು ಇಟ್ಟು ನೋಡಿ

ಬಹಳ ಕಡೆ ಸೋಲುವುದು ಇಲ್ಲೇ. ಶಾಲೆ ಕೊಟ್ಟ ಪಟ್ಟಿಯನ್ನೇ ನಂಬಿ ಹೊರಟುಬಿಡುತ್ತಾರೆ. ಆದರೆ ಶಾಲೆಯ ಪಟ್ಟಿಯಲ್ಲಿ ಇರುವುದು ಶಾಲೆಗೆ ಒಮ್ಮೆಯಾದರೂ ಬಂದ ಮಕ್ಕಳು ಮಾತ್ರ.

ಅಂಗನವಾಡಿ ಪುಸ್ತಕದಿಂದ ಶುರು ಮಾಡಿ. ಆರೇಳು ವರ್ಷದ ಹಿಂದೆ ಹುಟ್ಟಿದ ಕೂಸು ಎಂದು ಅಲ್ಲಿ ಹೆಸರಿದ್ದ ಮಗು ಈಗ ಒಂದನೇ ಎರಡನೇ ತರಗತಿಯಲ್ಲಿ ಇರಬೇಕು, ಅಲ್ವಾ? ಇಲ್ಲದಿದ್ದರೆ ಆ ಹೆಸರು ಬರೆದುಕೊಳ್ಳಿ. ಆಮೇಲೆ ಸ್ಯಾಟ್ಸ್ ಪಟ್ಟಿ ಹಿಡಿದು ತರಗತಿಗೆ ಹೋಗಿ, ಮಕ್ಕಳನ್ನು ಕೂಡಿಸಿಕೊಂಡೇ ಹೆಸರು ಓದಿ. ಪಕ್ಕದಲ್ಲಿ ಕೂತ ಮಗು ಹೇಳುವಷ್ಟು ಖರೆ ಯಾವ ಪುಸ್ತಕವೂ ಹೇಳುವುದಿಲ್ಲ. "ಅಕಿ ಬೆಂಗಳೂರಿಗಿ ಹೋಗ್ಯಾಳ್ರಿ," "ಅಂವ ಕುರಿ ಕಾಯಾಕ ಹೋಗ್ತಾನ್ರಿ" ಎಂದು ಐದು ನಿಮಿಷದಲ್ಲಿ ಎಲ್ಲ ಗೊತ್ತಾಗುತ್ತದೆ.

ಮೂರನೆಯದು ಹಾಜರಿ ಪುಸ್ತಕ. ಹಿಂದಿನ ನಾಲ್ಕು ವಾರ ತಿರುವಿ. ಪೂರ್ತಿ ಗೈರಾದವರನ್ನು ಎಲ್ಲರೂ ನೋಡುತ್ತಾರೆ. ವಾರಕ್ಕೆ ಎರಡು ದಿನ ಬಂದು ಹೋಗುವ ಮಗುವನ್ನು ಯಾರೂ ನೋಡುವುದಿಲ್ಲ. ಇನ್ನು ಎರಡು ತಿಂಗಳಿಗೆ ಪೂರ್ತಿ ಬಿಡುವುದು ಆ ಮಗುವೇ.

ಬಿಸಿಯೂಟ ಉಂಡವರ ಲೆಕ್ಕಕ್ಕೂ ಹಾಜರಿಗೂ ದೊಡ್ಡ ಅಂತರ ಕಂಡರೆ ಅಡುಗೆಯವರ ಮುಂದೆ ಅದನ್ನು ಎತ್ತಬೇಡಿ. ಮುಖ್ಯಗುರುಗಳ ಜೊತೆ ಒಬ್ಬರೇ ಕೂತು ಮಾತಾಡಿ. ಹಾಜರಿ ಸರಿಯಾಗಿ ಹಾಕಿದರೆ ಮಾತ್ರ ಗೈರಾದ ಮಗು ನಮ್ಮ ಕಣ್ಣಿಗೆ ಬೀಳುತ್ತದೆ ಎಂದು ತಿಳಿಸಿ ಹೇಳಿ.

ಈಗ ಬಹಳ ಮುಖ್ಯವಾದ ಗುಂಪು. ಊರ ಶಾಲೆ 7ನೇ ತರಗತಿಗೆ ಮುಗಿಯುತ್ತದೆ ಅಂತಿಟ್ಟುಕೊಳ್ಳಿ. ಮಗು ಟಿಸಿ ತೆಗೆದುಕೊಂಡು ಹೋಯಿತು. ಊರ ಶಾಲೆಯ ಲೆಕ್ಕದಲ್ಲಿ ಅದು ಪಾಸಾಗಿ ಹೋದ ಮಗು. ಹೈಸ್ಕೂಲಿನ ಲೆಕ್ಕದಲ್ಲಿ ಆ ಹೆಸರೇ ಇಲ್ಲ. ಎರಡೂ ಕಡೆ ಗೈರು ಬೀಳದೆ ಮಗು ಮಾಯವಾಗುತ್ತದೆ. ನಮ್ಮಲ್ಲಿ ಹೀಗೆ ಸಿಕ್ಕವರಲ್ಲಿ ಹುಡುಗಿಯರೇ ಜಾಸ್ತಿ. ಟಿಸಿ ಅವರ ಮನೆಯ ಟ್ರಂಕಿನಲ್ಲಿ ಭದ್ರವಾಗಿತ್ತು. ಅದಕ್ಕೆ ಪ್ರತಿ ಜೂನ್ ಕೊನೆಯಲ್ಲಿ ಹೋದ ವರ್ಷ 5 ಮತ್ತು 7 ಮುಗಿಸಿದ ಮಕ್ಕಳ ಪಟ್ಟಿ ಹಿಡಿದು ಮುಂದಿನ ಶಾಲೆಗೆ ಹೋಗಿ ಒಂದೊಂದೇ ಹೆಸರು ಕೇಳಿ.

## ಹಂತ 3: ಮೂರು, ಐದು, ಏಳು

ಹಳೆಯ ಪಟ್ಟಿ ಮುಗಿಯುವವರೆಗೆ ಹೊಸದು ಬೆಳೆಯದಂತೆ ತಡೆಯಬೇಕು. ಮೂರನೇ ದಿನ ಗೈರಾದರೆ ತರಗತಿಯ ಶಿಕ್ಷಕರಿಂದ ಮನೆಗೆ ಫೋನ್. ಐದನೇ ದಿನ ಅದೇ ಓಣಿಯ ಎಸ್‌ಡಿಎಂಸಿ ಸದಸ್ಯರು ಬಾಗಿಲಿಗೆ. ಏಳನೇ ದಿನ ಪುಸ್ತಕದಲ್ಲಿ ಹೊಸ ಪುಟ, ತಂಡದ ಭೇಟಿ.

ಏಳು ದಿನ ಅನ್ನುವುದನ್ನು ಸಡಿಲ ಬಿಡಬೇಡಿ. "ಜಾತ್ರೆ ಮುಗಿದ ಮೇಲೆ ಬರ್ತಾನೆ," "ರಾಶಿ ಮುಗಿಯಲಿ" ಎಂದು ಒಂದು ತಿಂಗಳು ಬಿಟ್ಟರೆ ಮಗು ಪಾಠದಲ್ಲಿ ಹಿಂದೆ ಬೀಳುತ್ತದೆ. ಆಮೇಲೆ ಬರಲು ಅದಕ್ಕೇ ನಾಚಿಕೆ. ಹತ್ತನೇ ದಿನಕ್ಕೆ ಒಂದು ಮಾತಿಗೆ ಬರುವ ಮಗು ನಲವತ್ತನೇ ದಿನಕ್ಕೆ ಹತ್ತು ಭೇಟಿ ಕೇಳುತ್ತದೆ.

## ಹಂತ 4: ಮನೆಗೆ ಹೋಗುವ ರೀತಿ

ಇದನ್ನು ಸ್ವಲ್ಪ ನಿಧಾನಕ್ಕೆ ಓದಿ.

ಇಬ್ಬರೇ ಹೋಗಿ, ಅವರಲ್ಲಿ ಒಬ್ಬರು ಹೆಣ್ಣುಮಗಳು. ಜೀಪು ಬೇಡ, ಫೋಟೊ ಬೇಡ, ಕೈಯಲ್ಲಿ ಫೈಲು ಬೇಡ. ಹಗಲು ಹನ್ನೊಂದಕ್ಕೆ ಹೋದರೆ ಬೀಗ ಹಾಕಿದ ಬಾಗಿಲು ಸಿಗುತ್ತದೆ. ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಜನ ಮನೆಯಲ್ಲಿ ಸಿಗುವುದು ರಾತ್ರಿ ಏಳೂವರೆ ಮೇಲೆ, ರೊಟ್ಟಿ ಬಡಿಯುವ ಹೊತ್ತಿಗೆ. ಒಲೆಯ ಮುಂದೆ ಕೂತ ತಾಯಿ ಸಭೆಯಲ್ಲಿ ಹೇಳದ್ದನ್ನು ಹೇಳುತ್ತಾಳೆ.

ಒಂದು ಮನೆ ನೆನಪಿದೆ. ತಾಂಡಾದ ಕೊನೆಯ ಸಾಲು. ಹನ್ನೊಂದು ವರ್ಷದ ಹುಡುಗಿ, 5ನೇ ತರಗತಿ, ಮೂರು ವಾರದಿಂದ ಗೈರು. ನಾವು ಹೋದಾಗ ಅವಳ ಸೊಂಟದ ಮೇಲೆ ಒಂದೂವರೆ ವರ್ಷದ ತಮ್ಮ. ಕೈಬೆರಳ ತುದಿಯಲ್ಲಿ ಹತ್ತಿಕಾಯಿ ಗೀರಿದ ಗಾಯ ಇತ್ತು, ಅಂದರೆ ಅವಳೂ ಆಗಾಗ ಹೊಲಕ್ಕೆ ಹೋಗುತ್ತಿದ್ದಳು. ಗೋಡೆಯ ಮೊಳೆಗೆ ಶಾಲೆಯ ಚೀಲ ತೂಗುಹಾಕಿತ್ತು. ನೋಡಿದರೆ ಒಳಗೆ ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಯಾರದೋ ಆಸ್ಪತ್ರೆ ಚೀಟಿ. ಪುಸ್ತಕಗಳನ್ನು ಕಟ್ಟಿ ಮೇಲೆ ಇಟ್ಟಿದ್ದರು. ಚೀಲ ಮನೆಯ ಕಾಗದಪತ್ರ ಇಡುವ ಚೀಲವಾಗಿತ್ತು.

ಸಾಲಿಗೆ ಯಾಕೆ ಕಳಿಸಿಲ್ಲ ಎಂದು ನಾವು ಕೇಳಲಿಲ್ಲ. "ಬೆಳಗಿನಿಂದ ಏನೇನು ಕೆಲಸ ಆಯ್ತವ್ವ?" ಎಂದು ಕೇಳಿದೆವು. ತಾಯಿ ತಾನೇ ಹೇಳುತ್ತಾ ಹೋದಳು (ಟಂಟಂ ಅಂದರೆ ಕೂಲಿಯವರನ್ನು ಹೊಲಕ್ಕೆ ಒಯ್ಯುವ ಆಟೊ). "ಏಳಕ್ಕ ಟಂಟಂ ಬರ್ತದ್ರಿ. ಹೋಗ್ಲಿಲ್ಲಾಂದ್ರ ಮರುದಿನ ಕರಿಯಂಗಿಲ್ಲ. ಈ ಕೂಸು ಯಾರ್ ನೋಡ್ಬೇಕ್ರಿ?" ಊರಲ್ಲಿ ಕೂಸಿನ ಮನೆ (ಕೂಲಿಗೆ ಹೋಗುವವರ ಸಣ್ಣ ಮಕ್ಕಳನ್ನು ಹಗಲು ನೋಡಿಕೊಳ್ಳುವ ಪಂಚಾಯತಿ ಕೇಂದ್ರ) ಇದೆಯಲ್ಲಾ ಅಂದೆ. "ಅದು ಹತ್ತಕ್ಕ ತೆರಿತದ್ರಿ."

ಆ ಒಂದು ಮಾತಿಗಾಗಿ ನಾವು ಎರಡು ವರ್ಷ ಕಾದಿದ್ದೆವು. ನಮ್ಮ ಹಳೆಯ ಕಡತದಲ್ಲಿ ಇಂಥ ಎಲ್ಲ ಮಕ್ಕಳ ಮುಂದೆ ಒಂದೇ ಶಬ್ದ ಬರೆದಿತ್ತು: "ಪಾಲಕರ ನಿರ್ಲಕ್ಷ್ಯ." ಅದು ಕಾರಣವೇ ಅಲ್ಲ. ಕೇಳದೆ ಬಂದವರು ಬರೆಯುವ ಶಬ್ದ ಅದು. ನಿಮ್ಮ ಪುಸ್ತಕದಲ್ಲಿ ಅದನ್ನು, "ನಿರಾಸಕ್ತಿ" ಅನ್ನುವುದನ್ನೂ ಬರೆಯಲು ಬಿಡಬೇಡಿ. ತಾಯಿ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆಯಿರಿ. "ಟಂಟಂ ಏಳಕ್ಕೆ, ಕೂಸಿನ ಮನೆ ಹತ್ತಕ್ಕೆ" ಎಂದು ಬರೆದರೆ ಮಾಡಬೇಕಾದ ಕೆಲಸ ಅದರಲ್ಲೇ ಕಾಣುತ್ತದೆ.

ಆಡಬಾರದ ಮಾತುಗಳೂ ಇವೆ. "ರೇಷನ್ ಬಂದ್ ಮಾಡಿಸ್ತೀವಿ," "ಗೃಹಲಕ್ಷ್ಮಿ ದುಡ್ಡು ನಿಲ್ಲಿಸ್ತೀವಿ," "ಪೊಲೀಸ್ ಕೇಸ್ ಹಾಕ್ತೀವಿ." ಪಂಚಾಯತಿಗೆ ಹಾಗೆ ಮಾಡುವ ಅಧಿಕಾರ ಇಲ್ಲ. ಹೆದರಿದ ಮನೆಯವರು ಮುಂದಿನ ಸಲ ನೀವು ಬರುವುದು ಕಂಡರೆ ಮಗುವನ್ನು ಹಿತ್ತಲಿಂದ ಕಳಿಸುತ್ತಾರೆ, ಅಷ್ಟೇ.

ಮಗುವಿನ ಜೊತೆಗೂ ಬೇರೆಯಾಗಿ ಎರಡು ಮಾತಾಡಿ. ಮನೆಯವರು ದುಡಿಮೆ ಕಾರಣ ಹೇಳುತ್ತಾರೆ, ಮಗು ಬೇರೆಯೇ ಹೇಳುತ್ತದೆ. ಹೊಡೆತ, ಅಡ್ಡಹೆಸರು, ಜಾತಿ ಮಾತು, ಶೌಚಾಲಯದ ಚಿಲಕ. ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ. ಗಡಿ ಕಡೆ ಕೆಲವು ಮನೆಗಳಲ್ಲಿ ತೆಲುಗು, ಉರ್ದು. ಒಂದನೇ ತರಗತಿಯ ಮಗುವಿಗೆ ಮಾಸ್ತರ ಮಾತೇ ತಿಳಿಯದಿದ್ದರೆ ಅದು ಸುಮ್ನೆ ಕೂತು ಕೂತು ಬರುವುದನ್ನು ಬಿಡುತ್ತದೆ. ಮಗುವಿನ ಭಾಷೆ ಬರುವವರು ನಿಮ್ಮ ತಂಡದಲ್ಲಿ ಒಬ್ಬರು ಇರಲಿ.

## ಹಂತ 5: ಕಾರಣಕ್ಕೆ ತಕ್ಕ ಕೆಲಸ

ಮಗುವನ್ನು ಕರೆತರುವ ಮೊದಲು ಈ ಹಂತ ಆಗಬೇಕು. ಕಾರಣ ಹಾಗೇ ಇದ್ದರೆ ಮಗು ವಾರದೊಳಗೆ ವಾಪಸ್ ಹೋಗುತ್ತದೆ.

ತಮ್ಮ ತಂಗಿಯರನ್ನು ನೋಡಿಕೊಳ್ಳುವ ಮಕ್ಕಳು. ಕೂಸಿನ ಮನೆ ಪಂಚಾಯತಿಯದೇ. ಸುಗ್ಗಿ ತಿಂಗಳುಗಳಲ್ಲಿ ಅದರ ಹೊತ್ತು ಬದಲಿಸಿ. ನಮ್ಮಲ್ಲಿ ಅದೇ ತಾಂಡಾದ ಒಬ್ಬ ಆರೈಕೆದಾರಳನ್ನು ಒಪ್ಪಿಸಿ ಬೆಳಿಗ್ಗೆ ಆರೂ ಮುಕ್ಕಾಲಿಗೆ ಬಾಗಿಲು ತೆರೆಸಿದೆವು. ಮೇಲೆ ಹೇಳಿದ ಹುಡುಗಿ ನಾಲ್ಕನೇ ದಿನಕ್ಕೆ ಶಾಲೆಯಲ್ಲಿದ್ದಳು. ಮೂರು ವರ್ಷ ದಾಟಿದ ಮಗು ಅಂಗನವಾಡಿಗೆ ಹೋಗಬಹುದು. ಅದೂ ಹೊತ್ತಿಗೆ ಸರಿಯಾಗಿ ತೆರೆಯುತ್ತದೋ ಇಲ್ಲವೋ ನೋಡಿ.

ಕೂಲಿಗೆ ಹೋಗುವ ಮಕ್ಕಳು. ಎಲ್ಲರೂ ತಾಯಿಗೆ ಬುದ್ಧಿ ಹೇಳಲು ಹೋಗುತ್ತಾರೆ. ನೀವು ಟಂಟಂನವರ ಹತ್ತಿರ, ಹೊಲದ ಮಾಲೀಕರ ಹತ್ತಿರ ಹೋಗಿ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಪ್ರಕಾರ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಮಗು ತನ್ನ ಮನೆಯವರಿಗೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಕೈಜೋಡಿಸಬಹುದು, ಅಷ್ಟೇ. ಮತ್ತೊಬ್ಬರ ಹತ್ತಿ ಹೊಲದಲ್ಲಿ ಕೂಲಿಗೆ ಇಳಿಸುವುದು ತಪ್ಪು. ನಾವು ಗ್ರಾಮ ಸಭೆಯಲ್ಲಿ ತೀರ್ಮಾನ ಮಾಡಿ ಡಂಗುರ ಸಾರಿಸಿದೆವು. ಆಮೇಲೆ ಊರಿನ ಐದಾರು ದೊಡ್ಡ ಹೊಲದವರ ಮನೆಗೆ ಹೋಗಿ ಮುಖ ನೋಡಿ ಮಾತಾಡಿದೆವು. ಡಂಗುರಕ್ಕಿಂತ ಆ ಮಾತು ಕೆಲಸ ಮಾಡಿತು. ಅದೇ ಮನೆಯ ದೊಡ್ಡವರಿಗೆ ಉದ್ಯೋಗ ಖಾತ್ರಿ ಕೆಲಸ ಸಿಗುತ್ತಿದೆಯೇ, ಕೂಲಿ ಹೊತ್ತಿಗೆ ಖಾತೆಗೆ ಬಂದಿದೆಯೇ ಎಂದು ಪಿಡಿಒ ನೋಡಲಿ. ಬಾಕಿ ಕೂಲಿಯಿಂದಲೇ ಮಗು ಹೊಲಕ್ಕೆ ಇಳಿದ ಮನೆಗಳಿವೆ.

ದೊಡ್ಡ ಹುಡುಗಿಯರು. ಶೌಚಾಲಯಕ್ಕೆ ನೀರಿಲ್ಲ, ಬಾಗಿಲಿಗೆ ಚಿಲಕ ಇಲ್ಲ ಅಂದರೆ ತಿಂಗಳಲ್ಲಿ ನಾಲ್ಕು ದಿನ ಗೈರು ಖಂಡಿತ. ಚಿಲಕ, ಪೈಪು, ಮೋಟರು ಪಂಚಾಯತಿ ಒಂದೇ ದಿನದಲ್ಲಿ ಮಾಡಿಸಬಹುದಾದ ಕೆಲಸ. ಅದಕ್ಕೆ ಮೇಲಿನವರ ಆದೇಶ ಕಾಯಬೇಡಿ. ಮದುವೆ ಮಾತು ನಡೆದಿದೆ ಎಂದು ಕಿವಿಗೆ ಬಿದ್ದರೆ ತಡ ಮಾಡಬೇಡಿ. 18 ತುಂಬದ ಹುಡುಗಿಯ ಮದುವೆ ಅಪರಾಧ, ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ನಿಷೇಧ ಅಧಿಕಾರಿಗಳಲ್ಲಿ ಪಿಡಿಒ ಕೂಡ ಒಬ್ಬರು. ಸಿಡಿಪಿಒಗೆ, 1098ಕ್ಕೆ ಅದೇ ದಿನ ತಿಳಿಸಿ. ಹೇಳಿದವರ ಹೆಸರು ಎಲ್ಲೂ ಬರೆಯಬೇಡಿ.

ದೂರ ಮತ್ತು ಬಸ್ಸು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಶಾಲೆಯ ಹೊತ್ತಿಗೆ ಬಸ್ಸೇ ಬರದಿದ್ದರೆ ಏನು ಮಾಡಬೇಕು? ಕಲ್ಯಾಣ ಕರ್ನಾಟಕ ಸಾರಿಗೆಯ ಡಿಪೊ ಮ್ಯಾನೇಜರಿಗೆ ಪತ್ರ ಬರೆಯಿರಿ. "ಬಸ್ ಬಿಡಿ" ಎಂದಷ್ಟೇ ಬರೆದರೆ ಪತ್ರ ಅಲ್ಲೇ ಉಳಿಯುತ್ತದೆ. ಯಾವ ನಿಲ್ದಾಣದಿಂದ ಎಷ್ಟು ಮಕ್ಕಳು, ಶಾಲೆಯ ಗಂಟೆ ಎಷ್ಟಕ್ಕೆ, ಈಗಿನ ಬಸ್ಸು ಎಷ್ಟಕ್ಕೆ ಬರುತ್ತದೆ, ಎಷ್ಟು ನಿಮಿಷ ಹಿಂದೆ ಬಂದರೆ ಸಾಕು ಎಂದು ಬರೆಯಿರಿ. ಇರುವ ಬಸ್ಸಿನ ಹೊತ್ತು ಬದಲಿಸುವುದು ಹೊಸ ಬಸ್ಸು ಬಿಡುವುದಕ್ಕಿಂತ ಸುಲಭ.

ಕಾಗದ ಇಲ್ಲದವರು. ಜನನ ಪ್ರಮಾಣಪತ್ರ ಇಲ್ಲ ಎಂದು ಪ್ರವೇಶ ತಡೆಯುವಂತಿಲ್ಲ, ಅದು ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂ. ಆಧಾರ್ ಇಲ್ಲ ಎಂದೂ ಶಾಲೆ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಆಧಾರ್ ತೀರ್ಪಿನಲ್ಲಿ ಹೇಳಿದೆ. ಮಗು ಮೊದಲು ತರಗತಿಯಲ್ಲಿ ಕೂರಲಿ. ಕಾಗದ ಮಾಡಿಸಿಕೊಡುವ ಕೆಲಸ ಪಂಚಾಯತಿ ಕಚೇರಿ ಹಿಡಿಯಲಿ.

ಅಂಗವಿಕಲ ಮಕ್ಕಳು. ಇವರನ್ನು ಪಟ್ಟಿಗೇ ಹಾಕದೆ ಬಿಡುವುದು ನಾನು ಕಂಡ ದೊಡ್ಡ ತಪ್ಪು. "ಅದಕ್ಕೆ ಆಗಲ್ಲ ಬಿಡ್ರಿ" ಎಂದು ಮನೆಯವರೇ ಹೇಳಿದರೂ ಪುಟ ತೆರೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇವರಲ್ಲಿ ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕರೆಯಿರಿ. ನಡೆಯಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣ ಇದೆ, ಬಿಇಒ ಕಚೇರಿಯಲ್ಲಿ ಕೇಳಿ. ಶಾಲೆಯ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸಲು ಅಂಗವಿಕಲರಿಗೆಂದು ತೆಗೆದಿಟ್ಟ ಹಣ ಬಳಸಲು ಬರುತ್ತದೆಯೇ ಎಂದು ಪಿಡಿಒ ನೋಡಲಿ.

## ಹಂತ 6: ಶಾಲೆಯೇ ಹೊರಗೆ ಕಳಿಸಿದ್ದರೆ

ಗೈರಾದ ಮಗು ಬೇರೆ, ಹೊರಗೆ ಹಾಕಿದ ಮಗು ಬೇರೆ. ಎರಡನೆಯದು ಹೊರಗೆ ಕಾಣುವುದೇ ಇಲ್ಲ. ಯಾಕೆಂದರೆ ಕಡತದಲ್ಲಿ "ಪಾಲಕರ ಕೋರಿಕೆ ಮೇರೆಗೆ ಟಿಸಿ ನೀಡಿದೆ" ಎಂದೇ ಇರುತ್ತದೆ.

ನಮ್ಮ ಪಂಚಾಯತಿಯ ಒಬ್ಬ ಹುಡುಗ, 7ನೇ ತರಗತಿ, ಜಗಳದಲ್ಲಿ ಇನ್ನೊಬ್ಬನ ತಲೆಗೆ ಗಾಯ ಮಾಡಿದ. ತಂದೆಯನ್ನು ಕರೆಸಿ ಒಂದು ಅರ್ಜಿಗೆ ಸಹಿ ಹಾಕಿಸಿಕೊಂಡರು. ತಂದೆಗೆ ಓದಲು ಬರುತ್ತಿರಲಿಲ್ಲ. ಮನೆಗೆ ಬಂದು ನೋಡಿದರೆ ಕೈಯಲ್ಲಿ ಟಿಸಿ.

ಇಲ್ಲಿ ಮಾಡಬೇಕಾದ ಕ್ರಮ ಇದು. ಮೊದಲು ಮನೆಯವರಿಗೆ ಹೇಳಿ: ಓದಿಸಿ ಕೇಳದೆ ಯಾವ ಅರ್ಜಿಗೂ ಸಹಿ ಹಾಕಬೇಡಿ, ಟಿಸಿ ತೆಗೆದುಕೊಳ್ಳಬೇಡಿ. ಆಮೇಲೆ ಮುಖ್ಯಗುರುಗಳ ಹತ್ತಿರ ಹೋಗಿ ನಡೆದದ್ದನ್ನು ಪೂರ್ತಿ ಕೇಳಿ. ಅವರ ಕಷ್ಟವೂ ಖರೆ ಇರುತ್ತದೆ, ಗಾಯಗೊಂಡ ಮಗುವಿನ ಮನೆಯವರು ಅವರ ಮೇಲೆ ಕೂತಿರುತ್ತಾರೆ. ಕೇಳಿದ ಮೇಲೆ ಶಿಕ್ಷಣ ಹಕ್ಕು ಕಾಯ್ದೆ ನೆನಪಿಸಿ. 16ನೇ ಕಲಂ ಪ್ರಕಾರ 8ನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯಲ್ಲಿ ಫೇಲ್ ಮಾಡಲು ಅವಕಾಶ ಕೊಟ್ಟಿತು, ಹೊರಹಾಕಲು ಕೊಡಲಿಲ್ಲ. ಇವೆರಡನ್ನೂ ಬಹಳ ಜನ ಒಂದೇ ಅಂದುಕೊಂಡಿದ್ದಾರೆ.

ಮಾತಿನಲ್ಲಿ ಮುಗಿಯದಿದ್ದರೆ ಬಿಇಒಗೆ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಸಹಿ ಪಡೆಯಿರಿ. 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಕೊಟ್ಟ ಲಿಖಿತ ದೂರು 3 ತಿಂಗಳೊಳಗೆ ತೀರ್ಮಾನ ಆಗಬೇಕು. ಅಲ್ಲೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ. ಇಷ್ಟೆಲ್ಲ ನಡೆಯುವಾಗ ಮಗು ಮನೆಯಲ್ಲಿ ಕೂರಬಾರದು. ಗ್ರಂಥಾಲಯದಲ್ಲಿ ಕೂತು ಓದಲಿ, ಗೆಳೆಯರ ನೋಟ್ಸ್ ತರಿಸಿಕೊಡಿ. ಆ ಹುಡುಗ ಹನ್ನೊಂದನೇ ದಿನಕ್ಕೆ ವಾಪಸ್ ಹೋದ. ಎರಡೂ ಮನೆಯವರನ್ನು ಕೂಡಿಸಿ ಮಾತಾಡಿಸಿದ ಮೇಲೆಯೇ ಅದು ಆದದ್ದು. ಅದಿಲ್ಲದೆ ಬರೀ ಕಾಯ್ದೆ ತೋರಿಸಿದ್ದರೆ ಅವನನ್ನು ತರಗತಿಯಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ.

ಫೀಸು ಬಾಕಿ ಇದೆ ಎಂದು ಖಾಸಗಿ ಶಾಲೆ ಟಿಸಿ ಕೊಡದಿದ್ದರೂ ಮಗು ಕಾಯಬೇಕಿಲ್ಲ. ಟಿಸಿ ತಡವಾಯಿತು ಎಂದು ಸರಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ಅದು 5ನೇ ಕಲಂ.

9, 10ನೇ ತರಗತಿಯವರಿಗೆ ಈ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ. ಅಲ್ಲಿ ಮಾತುಕತೆಯೇ ದಾರಿ. ಹಾಜರಿ ಕಡಿಮೆ ಎಂದು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಿಸದ ಪ್ರಸಂಗ ಬರುವ ಮೊದಲೇ, ಅಂದರೆ ದಸರಾ ಒಳಗೆ, ಹೈಸ್ಕೂಲಿನ ಹಾಜರಿ ನೋಡಿ.

## ಹಂತ 7: ಮರಳಿದ ಮೇಲಿನ ಆರು ವಾರ

ಮೊದಲ ದಿನ ಹಾರ, ಭಾಷಣ, ಫೋಟೊ ಏನೂ ಬೇಡ. ಎಲ್ಲರ ಮುಂದೆ "ಸಾಲಿ ಬಿಟ್ಟ ಹುಡುಗ" ಎಂದು ನಿಲ್ಲಿಸಿದ ಹಾಗೆ ಆಗುತ್ತದೆ. ಅದೇ ಓಣಿಯ ಗೆಳೆಯ ಬೆಳಿಗ್ಗೆ ಮನೆಗೆ ಹೋಗಿ ಕರೆದುಕೊಂಡು ಬರಲಿ, ಪಕ್ಕದಲ್ಲಿ ಕೂರಲಿ. ಸಮವಸ್ತ್ರ, ಪುಸ್ತಕ ಹಿಂದಿನ ದಿನವೇ ಮನೆ ಸೇರಿರಲಿ.

ಮೊದಲ ವಾರ ಆ ಮಗುವನ್ನು ಎದ್ದು ನಿಲ್ಲಿಸಿ ಓದಿಸಬೇಡಿ ಎಂದು ಶಿಕ್ಷಕರನ್ನು ಕೇಳಿಕೊಳ್ಳಿ. ಒಂದು ವರ್ಷ ಬಿಟ್ಟ ಮಗು ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಬೇಕು, ಅದು 4ನೇ ಕಲಂ. ಆದರೆ ಓದು ಹಿಂದಿರುತ್ತದೆ. ಅದಕ್ಕೇ ಕಾಯ್ದೆಯಲ್ಲಿ ವಿಶೇಷ ತರಬೇತಿ ಇದೆ, ಕನಿಷ್ಠ 3 ತಿಂಗಳು, ಬೇಕಾದರೆ 2 ವರ್ಷದವರೆಗೆ. ಸಿಆರ್‌ಪಿ ಮೂಲಕ ಬಿಇಒಗೆ ಹೆಸರು ಕೊಟ್ಟು ಕೇಳಿ. ಅದು ಬರುವವರೆಗೆ ಸಂಜೆ ಒಂದು ಗಂಟೆ ಗ್ರಂಥಾಲಯದಲ್ಲಿ ಕೂಡಿಸಿ. ನಮ್ಮಲ್ಲಿ ಡಿಗ್ರಿ ಮುಗಿಸಿದ ಇಬ್ಬರು ಹೆಣ್ಣುಮಕ್ಕಳು ಇದನ್ನು ನಡೆಸಿದರು. ಕಾಗುಣಿತದಿಂದ ಶುರು ಮಾಡಿ ಎರಡು ತಿಂಗಳಿಗೆ ಮಕ್ಕಳು ಬಸ್ಸಿನ ಬೋರ್ಡು ಓದಿದರು.

ವಾರಕ್ಕೊಮ್ಮೆ, ಶನಿವಾರ ಶಾಲೆ ಬಿಟ್ಟ ಮೇಲೆ, ಚೌಕ ತುಂಬಿ. ಎಷ್ಟು ದಿನ ಬಂತು ಎಂದು ಅಂಕಿ ಬರೆಯಿರಿ, ಸರಿ ಗುರುತು ಬೇಡ. ಒಂದೇ ವಾರ ಆರರಿಂದ ಮೂರಕ್ಕೆ ಇಳಿದರೆ ಸೋಮವಾರ ಸಂಜೆಯೇ ಮನೆಗೆ ಹೋಗಿ. ಬಹಳ ಮಕ್ಕಳು ಎರಡನೇ, ಮೂರನೇ ವಾರದಲ್ಲಿ ಜಾರುತ್ತಾರೆ. ಹೊಸ ಬಟ್ಟೆಯ ಖುಷಿ ಮುಗಿದಿರುತ್ತದೆ, ಪಾಠ ಇನ್ನೂ ಹಿಡಿತಕ್ಕೆ ಬಂದಿರುವುದಿಲ್ಲ.

## ಹಂತ 8: ಗುಳೆ ಕಾಲಕ್ಕೆ ಮೊದಲೇ ತಯಾರಿ

ದಸರಾ, ದೀಪಾವಳಿ ಮುಗಿದರೆ ಬೆಂಗಳೂರು, ಪುಣೆ, ಹೈದರಾಬಾದ್ ಬಸ್ಸು ತುಂಬುತ್ತವೆ. ಆಗ ಎಚ್ಚರಾದರೆ ತಡವಾಯಿತು. ಸೆಪ್ಟೆಂಬರ್‌ನಲ್ಲೇ ಯಾರು ಹೋಗುತ್ತಾರೆ ಎಂದು ಕೇಳಿ. ಮೇಸ್ತ್ರಿಯಿಂದ ಮುಂಗಡ ಪಡೆದ ಮನೆ ಹೋಗುವುದು ಖಾತ್ರಿ.

ಅಜ್ಜಿಯ ಹತ್ತಿರ ಬಿಡಲು ಆಗುವ ಮಕ್ಕಳನ್ನು ಮೊದಲು ಬೇರೆ ಮಾಡಿ. ಆ ಪಟ್ಟಿ ಹಿಡಿದು ಬಿಇಒ ಹತ್ತಿರ ಹೋಗಿ, ಗುಳೆ ಕಾಲಕ್ಕೆ ಋತುಮಾನ ವಸತಿ ವ್ಯವಸ್ಥೆ ಆಗುತ್ತದೆಯೇ ಎಂದು ಹೊತ್ತಿಗೆ ಮೊದಲೇ ಕೇಳಿ. ಹುಡುಗಿಯರಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲಿ (ಸರಕಾರಿ ವಸತಿ ಶಾಲೆ) ಸೀಟು ಇದೆಯೇ ನೋಡಿ. ಅಜ್ಜಿ ಜೊತೆ ಉಳಿದ ಮಕ್ಕಳ ಮನೆಗೆ ಸಂಘದ ಹೆಣ್ಣುಮಕ್ಕಳು ಹದಿನೈದು ದಿನಕ್ಕೊಮ್ಮೆ ಹೋಗಲಿ. ಅಜ್ಜಿಗೆ ಜ್ವರ ಬಂದರೆ ಮಗು ಅಡುಗೆಗೆ ನಿಲ್ಲುತ್ತದೆ, ನೆನಪಿರಲಿ.

ಜೊತೆಗೆ ಹೋಗಲೇಬೇಕಾದ ಮಕ್ಕಳಿಗೆ ಒಂದು ಚೀಟಿ ಬರೆದು ತಾಯಿಯ ಕೈಗೆ ಕೊಡಿ: ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ನಂಬರ್, ನಮ್ಮ ಶಾಲೆಯ ಹೆಸರು, ಮುಖ್ಯಗುರುಗಳ ಫೋನ್. ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಕೊಡಿ. ಹೋದ ಊರಿನ ಸರಕಾರಿ ಶಾಲೆಯಲ್ಲಿ ಇದನ್ನು ತೋರಿಸಿದರೆ ಸಾಕು ಎಂದು ಎರಡು ಸಲ ಹೇಳಿ. ಮೇಸ್ತ್ರಿಯ ನಂಬರ್ ನಿಮ್ಮ ಪುಸ್ತಕದಲ್ಲಿ ಇರಲಿ, ಹದಿನೈದು ದಿನಕ್ಕೆ ಒಂದು ಫೋನ್ ಮಾಡಿ.

ಯುಗಾದಿಗೆ ಅವರು ಮರಳಿದಾಗ "ಪರೀಕ್ಷೆ ಬಂತು, ಜೂನ್‌ಗೆ ಬಾ" ಎಂದು ಕಳಿಸಬೇಡಿ. ತಡವಾಗಿ ಬಂದ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 15ನೇ ಕಲಂ ಹೇಳುತ್ತದೆ. ಹತ್ತು ದಿನ ಬಂದು ಕೂತ ಮಗು ಜೂನ್‌ನಲ್ಲಿ ತಾನೇ ಬರುತ್ತದೆ.

## ಈ ಸೂಚನೆ ಕಂಡರೆ ತಡ ಮಾಡಬೇಡಿ

ಊಟ ಮುಗಿದ ಮೇಲೆ ಮಗು ಕಾಣದಿರುವುದು. ಸಂತೆಯ ದಿನ ಪ್ರತಿ ವಾರ ಗೈರು. ಹುಡುಗಿ ಒಮ್ಮೆಲೇ ಬಳೆ, ಹೊಸ ಸೀರೆ ಮಾತಾಡುವುದು. ಹುಡುಗನ ಕೈಯಲ್ಲಿ ದಿನಾ ದುಡ್ಡು. ಅಣ್ಣನೋ ಅಕ್ಕನೋ ಶಾಲೆ ಬಿಟ್ಟ ಮನೆ. ತಾಯಿ ಬಾಣಂತಿ ಆದ ಮನೆ. ಮನೆಯ ದುಡಿಯುವವರು ತೀರಿಕೊಂಡ ಮನೆ, ಅಲ್ಲಿಗೆ ಮಾತ್ರ ಏಳನೇ ದಿನ ಕಾಯದೆ ಮಣ್ಣಿನ ಮರುವಾರವೇ ಹೋಗಿ.

## ಹಂತ 9: ಪುಸ್ತಕ ನಿಲ್ಲದಂತೆ ನೋಡಿ

ಪ್ರತಿ ತಿಂಗಳ ಸಾಮಾನ್ಯ ಸಭೆಯಲ್ಲಿ ಹತ್ತು ನಿಮಿಷ ಇದಕ್ಕೇ ಇಡಿ. ಓದಬೇಕಾದ್ದು ಮೂರು ಅಂಕಿ: ಹೊಸ ಪುಟ ಎಷ್ಟು, ಆರು ಚೌಕ ತುಂಬಿದ ಪುಟ ಎಷ್ಟು, ಅರ್ಧಕ್ಕೆ ನಿಂತ ಪುಟ ಎಷ್ಟು. ಮಕ್ಕಳ ಹೆಸರು ಸಭೆಯಲ್ಲಿ ಓದಬೇಡಿ. ಅರ್ಧಕ್ಕೆ ನಿಂತ ಪುಟಗಳಲ್ಲಿ ಪಂಚಾಯತಿ ಒಪ್ಪಿಕೊಂಡ ಯಾವ ಕೆಲಸ ಆಗಿಲ್ಲ ಎಂದು ಮಾತ್ರ ಕೇಳಿ.

ಮಕ್ಕಳ ಗ್ರಾಮ ಸಭೆ ಮಾಡುವಾಗ ಶಾಲೆಗೆ ಬರುವ ಜಾಣ ಮಕ್ಕಳನ್ನಷ್ಟೇ ಮುಂದೆ ಕೂರಿಸುತ್ತಾರೆ. ಮರಳಿ ಬಂದ ಮಕ್ಕಳನ್ನೂ ಕರೆಯಿರಿ. ನಮ್ಮಲ್ಲಿ ಕೂಸಿನ ಮನೆಗೆ ತೊಟ್ಟಿಲ ಪಕ್ಕ ಫ್ಯಾನು ಬೇಕು ಎಂದು ಎದ್ದು ನಿಂತು ಕೇಳಿದವಳು ಆ ತಾಂಡಾದ ಹುಡುಗಿಯೇ. ಮುಂದಿನ ತಿಂಗಳ ಸಭೆಯಲ್ಲಿ ಅದಕ್ಕೆ ಮಂಜೂರಿ ಆಯಿತು.

ಸದಸ್ಯರ ಅವಧಿ ಮುಗಿಯುವ ಮುಂಚೆ, ಪಿಡಿಒ ವರ್ಗವಾಗುವ ಮುಂಚೆ, ತೆರೆದಿರುವ ಪುಟಗಳನ್ನು ಹೊಸಬರ ಜೊತೆ ಕೂತು ಒಂದೊಂದೇ ಓದಿ ಹೇಳಿ, ಒಪ್ಪಿಸಿದ ತಾರೀಖಿಗೆ ಇಬ್ಬರೂ ಸಹಿ ಹಾಕಿ. ಪುಸ್ತಕ ಕಚೇರಿಯ ಬೀರುವಿನಲ್ಲಿ ಇದ್ದರೆ ಬೀಗದ ಕೈ ಯಾರ ಹತ್ತಿರ ಎಂದು ಹುಡುಕುವುದೇ ಆಗುತ್ತದೆ. ನಮ್ಮದನ್ನು ಗ್ರಂಥಾಲಯದ ಮೇಲ್ವಿಚಾರಕರ ಮೇಜಿನ ಒಳಗೆ ಇಟ್ಟೆವು, ಶನಿವಾರ ಸಂಜೆ ಅವರು ತಾವೇ ತೆಗೆದು ಮುಖ್ಯಗುರುಗಳಿಗೆ ಫೋನ್ ಮಾಡುತ್ತಾರೆ.